ಇಬ್ರಿಯರಿಗೆ ಬರೆದ ಪತ್ರಿಕೆ: ನಾನು ಓದಿ ಅರ್ಥ ಮಾಡ್ಕೊಂಡ ರೀತಿ

ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಜನ ಅರ್ಧಕ್ಕೇ ಕೈಬಿಡೋ ಪುಸ್ತಕ ಯಾವ್ದು ಅಂತ ಕೇಳಿದ್ರೆ ಸುಮಾರು ಜನ ಪ್ರಕಟನೆ ಅಂತಾರೆ, ನಾನಂತೂ ಇಬ್ರಿಯರಿಗೆ ಬರೆದ ಪತ್ರಿಕೆ ಅಂತೀನಿ. ಅದರಲ್ಲಿ ಎಲ್ರಿಗೂ ಗೊತ್ತಿರೋ ಜಾಗ ಮೂರೇ. 4:12 (4ನೇ ಅಧ್ಯಾಯ 12ನೇ ವಚನ), ದೇವರ ವಾಕ್ಯ ಇಬ್ಬಾಯಿ ಕತ್ತಿಗಿಂತ ಹರಿತ ಅನ್ನೋದು, ಅದು ಪ್ರಸಂಗದಲ್ಲಿ ಬರತ್ತೆ. 11ನೇ ಅಧ್ಯಾಯ, ನಂಬಿಕೆ ವೀರರ ಪಟ್ಟಿ, ಅದು ಕನ್ವೆನ್ಷನ್‌ನಲ್ಲಿ ಬರತ್ತೆ. 13:8, ಯೇಸು ನಿನ್ನೆ ಈಹೊತ್ತು ನಿರಂತರ ಒಂದೇ ರೀತಿ ಅನ್ನೋದು, ಅದು ಕ್ಯಾಲೆಂಡರ್ ಮೇಲೆ, ಗೋಡೆ ಮೇಲೆ, ಆಟೋ ಹಿಂದೆ ಎಲ್ಲಾ ಕಡೆ ಇದೆ. ಮಧ್ಯದಲ್ಲಿರೋ 5ರಿಂದ 10ನೇ ಅಧ್ಯಾಯದವರೆಗೆ, ಅಂದ್ರೆ ಆ ಪತ್ರದ ಹೊಟ್ಟೆ ಭಾಗ, ಅದನ್ನ ಯಾರೂ ಮುಟ್ಟಲ್ಲ. ಮೆಲ್ಕಿಜೆದೇಕ, ಹೋರಿ, ಹೋತ, ರಕ್ತ, ತೆರೆ, ಗುಡಾರ ಅಂತ ಬಂದ ತಕ್ಷಣ ಜನ ಪುಟ ಮಗುಚ್ತಾರೆ.

ನಮ್ಮ ಸಭೆಯಲ್ಲಿ ವಾರದ ಮಧ್ಯೆ ನಡೆಯೋ ಬೈಬಲ್ ಸ್ಟಡಿ ನಡೆಸೋದು ನಾನು. ಸೆಮಿನರಿಯಲ್ಲಿ ಓದಿದವನಲ್ಲ, ಬೆಳಗ್ಗೆಯಿಂದ ಸಂಜೆವರೆಗೆ ಬೇರೆ ಕೆಲಸ, ಉಳಿದ ಟೈಮಲ್ಲಿ ಓದೋದು. ಈ ಪತ್ರ ತಗೊಳ್ಳೋಣ ಅಂತ ಸಭೆಯವರೇ ಕೇಳಿದ್ರು, ಸರಿ ಅಂತ ಕೂತೆ. ನಾನು ಹೇಗೆ ಓದ್ಕೊಂಡು ಹೋದೆ, ಯಾವುದು ಕೆಲಸಕ್ಕೆ ಬಂತು ಅಂತ ಬರೀತಿದೀನಿ, ಬೇರೆ ಕಡೆ ಸ್ಟಡಿ ನಡೆಸೋರಿಗೆ ಉಪಯೋಗ ಆಗ್ಬಹುದು.

ಮೊದಲನೇ ಕೆಲಸ, 13 ಅಧ್ಯಾಯ, 303 ವಚನ, ಎಲ್ಲಾನೂ ಒಂದೇ ಸಲ ಕೂತು ಜೋರಾಗಿ ಓದಿದ್ದು. ಮನಸಲ್ಲಿ ಅಲ್ಲ, ಬಾಯಿಬಿಟ್ಟು. ಹತ್ತಿರ ಹತ್ತಿರ ಒಂದು ಗಂಟೆ ಹಿಡಿಯತ್ತೆ. ಯಾಕೆ ಜೋರಾಗಿ ಅಂದ್ರೆ ಇದು ಕಾಗದದ ಥರ ಶುರುನೇ ಆಗಲ್ಲ ನೋಡಿ. ಪೌಲನ ಪತ್ರ ಎಲ್ಲಾ ತೆಗೀರಿ, ಮೊದಲನೇ ಸಾಲಲ್ಲೇ ಯಾರು ಬರೀತಿದಾರೆ, ಯಾರಿಗೆ, ನಿಮಗೆ ಕೃಪೆಯೂ ಶಾಂತಿಯೂ ಅಂತ ಇರತ್ತೆ. ಇಲ್ಲಿ ಹೆಸರಿಲ್ಲ ಊರಿಲ್ಲ, ನೇರವಾಗಿ ದೇವರು ಹಿಂದಿನ ಕಾಲದಲ್ಲಿ ಪ್ರವಾದಿಗಳ ಮೂಲಕ ಮಾತಾಡಿದ, ಈಗ ಮಗನ ಮೂಲಕ ಮಾತಾಡಿದಾನೆ ಅಂತ ಶುರು. ಮಧ್ಯಮಧ್ಯ "ಈ ವಿಷಯದಲ್ಲಿ ಹೇಳೋದು ಬಹಳ ಇದೆ, ನಿಮ್ಮ ಕಿವಿ ಮಂದ ಆಗಿದೆ" (5:11), "ನಾವು ಹೇಳ್ತಿರೋದರ ಮುಖ್ಯ ಅಂಶ ಏನಂದ್ರೆ" (8:1), "ಗಿದ್ಯೋನ, ಬಾರಾಕ, ಸಂಸೋನ ಇವರ ಬಗ್ಗೆ ಹೇಳೋಕೆ ನನಗೆ ಟೈಮ್ ಸಾಲಲ್ಲ" (11:32) ಅಂತೆಲ್ಲ ಬರತ್ತೆ. ಇದು ಪಕ್ಕಾ ಪ್ರಸಂಗಿ ಮಾತಾಡೋ ರೀತಿ. ಕೊನೆಗೆ 13:22ರಲ್ಲಿ ಬರೆದವನೇ ಇದನ್ನ ಎಚ್ಚರಿಕೆಯ ಮಾತು ಅಂತ ಕರೀತಾನೆ, ಮತ್ತೆ ಅದೇ ಮಾತು ಅಪೊಸ್ತಲರ ಕೃತ್ಯಗಳು 13:15ರಲ್ಲೂ ಇದೆ, ಅಲ್ಲಿ ಪಿಸಿದ್ಯದ ಅಂತಿಯೋಕ್ಯ ಅನ್ನೋ ಊರಲ್ಲಿ ಯೆಹೂದ್ಯರ ಸಭಾಮಂದಿರದಲ್ಲಿ ಧರ್ಮಶಾಸ್ತ್ರ ಓದಿ ಮುಗಿದ ಮೇಲೆ ಪೌಲನಿಗೆ ಜನಕ್ಕೆ ಎಚ್ಚರಿಕೆಯ ಮಾತೇನಾದ್ರೂ ಇದ್ರೆ ಹೇಳಿ ಅಂತಾರೆ, ಅಂದ್ರೆ ಸಬ್ಬತ್ ದಿನ (ಯೆಹೂದ್ಯರ ವಾರದ ವಿಶ್ರಾಂತಿ ದಿನ) ಸಭಾಮಂದಿರದಲ್ಲಿ ಕೊಡೋ ಪ್ರಸಂಗ ಅಂತ ಅರ್ಥ. ಸೊ ಇದು ದೂರದಿಂದ ಕಳಿಸಿದ ಪ್ರಸಂಗ, ಕೊನೆಗೆ ಮಾತ್ರ ಕಾಗದದ ಥರ ನಾಲ್ಕು ಸಾಲು ಸೇರಿಸಿದಾನೆ. ಅದೇ ವಚನದಲ್ಲಿ "ಚಿಕ್ಕದಾಗಿ ಬರೆದಿದೀನಿ" ಅಂತಾನೆ, ನಮ್ಮ ಸ್ಟಡಿಯಲ್ಲಿ ಅದನ್ನ ಓದಿದಾಗ ಎಲ್ರೂ ನಕ್ಕರು.

ಪೂರ್ತಿ ಒಟ್ಟಿಗೆ ಕೇಳಿದ್ರೆ ಒಂದು ವಿಷಯ ಕಿವಿಗೆ ಬೀಳತ್ತೆ, ಅದು ಅಧ್ಯಾಯ ಅಧ್ಯಾಯ ಒಡೆದು ಓದಿದ್ರೆ ಬೀಳಲ್ಲ. ಇವನು ಸ್ವಲ್ಪ ಹೊತ್ತು ವಾದ ಮಾಡ್ತಾನೆ, ಆಮೇಲೆ ಥಟ್ ಅಂತ ತಿರುಗಿ ಎಚ್ಚರಿಸ್ತಾನೆ, ಮತ್ತೆ ವಾದ, ಮತ್ತೆ ಎಚ್ಚರಿಕೆ. 2ರ ಶುರುವಲ್ಲಿ, 3-4ರಲ್ಲಿ, 6ರಲ್ಲಿ, 10ರ ಕೊನೆಗೆ, 12ರಲ್ಲಿ. ಜನ ವಾದದ ಭಾಗನ ಥಿಯಾಲಜಿ ಅಂತಲೂ ಎಚ್ಚರಿಕೆ ಭಾಗನ ಹೆದರಿಸೋದು ಅಂತಲೂ ಬೇರೆ ಬೇರೆ ಮಾಡ್ತಾರೆ. ನನ್ನ ಪ್ರಕಾರ ಎಚ್ಚರಿಕೆಗೋಸ್ಕರನೇ ವಾದ ಇರೋದು. ದಣಿದಿರೋ ಒಂದು ಗುಂಪು ಯೇಸುವನ್ನ ಬಿಟ್ಟು ಹಳೇ ಯೆಹೂದಿ ಧರ್ಮಕ್ಕೆ ವಾಪಸ್ ಹೋಗೋಣ ಅಂತ ಯೋಚಿಸ್ತಿದೆ, ಇವನು ಹೋಗ್ಬೇಡಿ ಅಂತ ತಡೀತಿದಾನೆ, ಇಷ್ಟೇ. ಈ ಒಂದು ಎಳೆ ಹಿಡ್ಕೊಂಡ್ರೆ ಮೆಲ್ಕಿಜೆದೇಕನೂ ಅರ್ಥ ಆಗ್ತಾನೆ.

ಆ ಗುಂಪು ಯಾರು ಅಂತ ಪತ್ರದಿಂದಲೇ ಹೆಕ್ಕಿ ಬರ್ಕೊಂಡೆ. ಯೇಸುವನ್ನ ಕಣ್ಣಾರೆ ಕಂಡವರಲ್ಲ, ಕೇಳಿದವರಿಂದ ಕೇಳಿದವರು (2:3). ನಂಬಿ ಬಹಳ ಕಾಲ ಆಗಿದೆ, ಇಷ್ಟೊತ್ತಿಗೆ ಬೋಧಕರಾಗ್ಬೇಕಿತ್ತು, ಇನ್ನೂ ಹಾಲು ಕುಡೀತಿದಾರೆ (5:12). ಮೊದಮೊದಲು ಜೋರಾಗಿ ಕಷ್ಟ ಅನುಭವಿಸಿದಾರೆ, ಆಸ್ತಿ ಕಿತ್ಕೊಂಡಾಗಲೂ ಸಂತೋಷವಾಗೇ ಇದ್ರು, ಜೈಲಲ್ಲಿದ್ದವರ ಜೊತೆ ನಿಂತ್ಕೊಂಡ್ರು (10:32-34). ಆದ್ರೆ ಯಾರೂ ಇನ್ನೂ ರಕ್ತ ಸುರಿಸೋ ಮಟ್ಟಕ್ಕೆ ಹೋಗಿಲ್ಲ (12:4). ಈಗ ಕೆಲವರು ಕೂಟಕ್ಕೆ ಬರೋದು ಬಿಟ್ಟಿದಾರೆ (10:25). ಜೋಲುಬಿದ್ದ ಕೈ, ನಡುಗೋ ಮೊಣಕಾಲು (12:12). ಹಳೇ ನಾಯಕರು ತೀರ್ಕೊಂಡಿದಾರೆ ಅನ್ಸತ್ತೆ (13:7). "ಇತಾಲ್ಯದವರು ನಿಮಗೆ ವಂದನೆ ಹೇಳ್ತಾರೆ" ಅಂತ ಕೊನೆಗೆ ಇದೆ, ಅದ್ರಿಂದ ಸುಮಾರು ವಿದ್ವಾಂಸರು ಇದು ರೋಮ್ ಊರಿನ ಯೆಹೂದಿ ವಿಶ್ವಾಸಿಗಳಿಗೆ ಹೋದ ಪತ್ರ, ಊರು ಬಿಟ್ಟು ಬೇರೆ ಕಡೆ ಇದ್ದ ಇತಾಲ್ಯದವರು ತಮ್ಮೂರಿಗೆ ವಂದನೆ ಕಳಿಸ್ತಿದಾರೆ ಅಂತಾರೆ. ನನಗೂ ಅದೇ ಸರಿ ಅನ್ಸತ್ತೆ, ಯಾಕಂದ್ರೆ ಕ್ರಿ.ಶ. 49ರ ಸುಮಾರಿಗೆ ಕ್ಲೌದ್ಯ ಚಕ್ರವರ್ತಿ ಯೆಹೂದ್ಯರನ್ನ ರೋಮಿಂದ ಓಡಿಸಿದ್ದು ಅಪೊಸ್ತಲರ ಕೃತ್ಯಗಳು 18:2ರಲ್ಲೇ ಇದೆ, ಅಕ್ವಿಲ ಪ್ರಿಸ್ಕಿಲ್ಲ ಹಾಗೇ ಕೊರಿಂಥಕ್ಕೆ ಬಂದಿದ್ದು. ಊರು ಬಿಡಿಸಿದಾಗ ಆಸ್ತಿ ಹೋಗಿರತ್ತೆ, ಸಾವು ನೋವು ಆಗಿರಲ್ಲ. ಆಮೇಲೆ ನೀರೋ ಕಾಲದಲ್ಲಿ 64ರಲ್ಲಿ ರೋಮ್ ಸುಟ್ಟಾಗ ಕ್ರೈಸ್ತರ ರಕ್ತನೂ ಹರೀತು. ಅವೆರಡರ ಮಧ್ಯೆ ಈ ಪತ್ರ ಇಟ್ಟರೆ 10ನೇ ಅಧ್ಯಾಯನೂ 12:4ನೂ ಎರಡೂ ಕೂತ್ಕೊಳ್ಳತ್ತೆ. ಯೆಹೂದಿ ಧರ್ಮ ಪೂರ್ವಕಾಲದ್ದು ಅಂತ ರೋಮ್ ಸರ್ಕಾರ ಸಹಿಸ್ಕೊಳ್ತಿತ್ತು, ಸಭಾಮಂದಿರದ ಒಳಗೆ ವಾಪಸ್ ಹೋದ್ರೆ ನೆರಳು ಸಿಗತ್ತೆ, ಮನೆಯವರೂ ಸಮಾಧಾನ ಆಗ್ತಾರೆ. ಹೋಗೋಣ ಅನ್ಸೋದು ಸಹಜನೇ.

ಬರೆದವರು ಯಾರು? ಇದಕ್ಕೆ ಜಾಸ್ತಿ ಟೈಮ್ ಕೊಡಲಿಲ್ಲ. ಪೌಲ ಅಂತ ಬಹಳ ಕಾಲ ಅಂದ್ಕೊಂಡಿದ್ರು, ಸುಮಾರು 200ನೇ ಇಸವಿಯ ಒಂದು ಪಪೈರಸ್ ಹಸ್ತಪ್ರತಿಯಲ್ಲಿ ಇದು ರೋಮಾಪುರದವರಿಗೆ ಬರೆದ ಪತ್ರಿಕೆ ಆದ್ಮೇಲೆ ಪೌಲನ ಪತ್ರಗಳ ಮಧ್ಯೆನೇ ಇದೆ. ಆದ್ರೆ ಪೌಲ ತನಗೆ ಸುವಾರ್ತೆ ಮನುಷ್ಯರಿಂದ ಬರಲಿಲ್ಲ ಅಂತ ಗಲಾತ್ಯದವರಿಗೆ ಆಣೆ ಇಟ್ಟ ಹಾಗೆ ಹೇಳ್ತಾನೆ, ಇವನು ಕೇಳಿದವರಿಂದ ನಮಗೆ ಬಂತು ಅಂತಾನೆ, ಅಲ್ಲಿಗೆ ಮುಗೀತು. ತೆರ್ತುಲ್ಲಿಯನ್ ಬಾರ್ನಬ ಅಂದ, ಲೂಥರ್ ಅಪೊಲ್ಲೋಸ ಅಂದ, 1900ರಲ್ಲಿ ಹಾರ್ನಾಕ್ ಅನ್ನೋ ಜರ್ಮನ್ ಪಂಡಿತ ಪ್ರಿಸ್ಕಿಲ್ಲ ಅಂದ. ಮೂರನೇ ಶತಮಾನದ ಓರಿಗೆನ್ ಹೇಳಿದ್ದೇ ಸರಿ, ಯಾರು ಬರೆದ್ರೋ ಅದು ದೇವರಿಗೇ ಗೊತ್ತು. ನನ್ನ ಓಟು ಅಪೊಲ್ಲೋಸನಿಗೆ, ಅಲೆಕ್ಸಾಂದ್ರಿಯದವನು, ಮಾತುಗಾರ, ಶಾಸ್ತ್ರದಲ್ಲಿ ಪ್ರವೀಣ ಅಂತ ಲೂಕ ಸರ್ಟಿಫಿಕೇಟ್ ಕೊಟ್ಟಿದಾನೆ. ಅದು ಓಟು ಅಷ್ಟೇ.

ಆಮೇಲೆ ನಿಜವಾದ ಕೆಲಸ. ಒಂದು ದೊಡ್ಡ ನೋಟ್‌ಬುಕ್ ತಗೊಂಡು ಎಡಗಡೆ ಪುಟದಲ್ಲಿ ಹಳೇ ಒಡಂಬಡಿಕೆ ಭಾಗ ಕೈಯಲ್ಲಿ ಬರೆಯೋದು, ಬಲಗಡೆ ಪುಟದಲ್ಲಿ ಇವನು ಅದನ್ನ ಏನು ಮಾಡ್ತಾನೆ ಅಂತ ಬರೆಯೋದು. ಫೋನಲ್ಲಿ ಕಾಪಿ ಪೇಸ್ಟ್ ಮಾಡ್ಬಹುದಿತ್ತು, ಆದ್ರೆ ಕೈಯಲ್ಲಿ ಬರೆದಾಗ ನಿಧಾನ ಆಗತ್ತೆ, ನಿಧಾನ ಆದಾಗ ಕಣ್ಣಿಗೆ ಬೀಳತ್ತೆ. ಒಂದನೇ ಅಧ್ಯಾಯ ಒಂದರಲ್ಲೇ 7 ಉಲ್ಲೇಖ ಇದೆ, ಎಲ್ಲಾ ಮಗ ದೇವದೂತರಿಗಿಂತ ದೊಡ್ಡವನು ಅಂತ ತೋರಿಸೋಕೆ. ದೇವದೂತರು ಯಾಕೆ ಬಂದ್ರು ಅಂತ ನಮ್ಮ ಸ್ಟಡಿಯಲ್ಲಿ ಒಬ್ರು ಕೇಳಿದ್ರು, ಒಳ್ಳೇ ಪ್ರಶ್ನೆ. ಸೀನಾಯಿ ಬೆಟ್ಟದಲ್ಲಿ ಧರ್ಮಶಾಸ್ತ್ರ ದೇವದೂತರ ಮೂಲಕ ಬಂತು ಅಂತ ಯೆಹೂದ್ಯರಲ್ಲಿ ನಂಬಿಕೆ ಇತ್ತು, ಸ್ತೆಫನನೂ ಹೇಳ್ತಾನೆ ಪೌಲನೂ ಹೇಳ್ತಾನೆ. ಹಾಗಾಗಿ 2:2ರ ವಾದ ಏನಂದ್ರೆ ದೂತರು ತಂದ ಮಾತನ್ನ ಮೀರಿದವರೇ ತಪ್ಪಿಸ್ಕೊಳ್ಳಲಿಲ್ಲ, ಮಗನೇ ತಂದಿದ್ದನ್ನ ಬಿಟ್ಟರೆ ಏನ್ ಗತಿ. ನೋಡಿ, ಮತ್ತೆ ಅದೇ, ಹೋಗ್ಬೇಡಿ ಅನ್ನೋದೇ.

ಒಂದು ವಿಷಯ ಇಲ್ಲೇ ಹೇಳ್ಬಿಡ್ತೀನಿ, ಇಲ್ದಿದ್ರೆ ಎಡ ಪುಟ ಬಲ ಪುಟ ತಾಳೆ ಆಗಲ್ಲ ಅಂತ ತಲೆ ಕೆಡತ್ತೆ. ಇವನು ಓದ್ತಿದ್ದಿದ್ದು ಹಳೇ ಒಡಂಬಡಿಕೆಯ ಗ್ರೀಕ್ ಅನುವಾದ, ಸೆಪ್ಟುವಜಿಂಟ್. ನಮ್ಮ ಕನ್ನಡ ಸತ್ಯವೇದದ ಹಳೇ ಒಡಂಬಡಿಕೆ ಹೀಬ್ರೂ ಮೂಲದಿಂದ ಬಂದಿದ್ದು. ಹಾಗಾಗಿ ಕೀರ್ತನೆ 40ರಲ್ಲಿ ಕಿವಿ ತೆರೆದಿದೀ ಅನ್ನೋ ಅರ್ಥ ಇರೋ ಕಡೆ ಇಬ್ರಿಯ 10:5ರಲ್ಲಿ ನನಗೆ ದೇಹ ಸಿದ್ಧಮಾಡಿದೀ ಅಂತ ಇರತ್ತೆ. ಯಾರೂ ತಿದ್ದಿಲ್ಲ, ಅವನ ಕೈಲಿದ್ದ ಪ್ರತಿನೇ ಹಾಗಿತ್ತು. ಇದನ್ನ ಮೊದಲೇ ಹೇಳಿಬಿಟ್ರೆ ಸ್ಟಡಿಯಲ್ಲಿ ಅರ್ಧ ಗಂಟೆ ಉಳಿಯತ್ತೆ.

3 ಮತ್ತೆ 4ನೇ ಅಧ್ಯಾಯಕ್ಕೆ ಮುಂಚೆ ಅರಣ್ಯಕಾಂಡ 13, 14 ಪೂರ್ತಿ ಓದಿಸಿದೆ. ಇದನ್ನ ನಾನು ಖಡಾಖಂಡಿತವಾಗಿ ಹೇಳ್ತೀನಿ, ಅದು ಓದದೆ ಇದು ಓದೋದು ವೇಸ್ಟ್. ಐಗುಪ್ತದ (ಈಜಿಪ್ಟಿನ) ಗುಲಾಮಗಿರಿಯಿಂದ ಬಿಡಿಸ್ಕೊಂಡು ಬಂದ ಇಸ್ರಾಯೇಲ್ಯರು ಕಾದೇಶಿನಲ್ಲಿ ನಿಂತಿದಾರೆ, ವಾಗ್ದಾನದ ದೇಶ ಕಣ್ಣಳತೆಯಲ್ಲಿ. 12 ಜನ ಗೂಢಚಾರರು ಹೋಗಿ ಬಂದಿದಾರೆ, ಒಂದು ದ್ರಾಕ್ಷಿ ಗೊಂಚಲನ್ನ ಇಬ್ರು ಅಡ್ಡೆ ಮೇಲೆ ಹೊತ್ಕೊಂಡು ಬಂದಿದಾರೆ. 10 ಜನ ಆಗಲ್ಲ ಅಂದ್ರು. ರಾತ್ರಿಯೆಲ್ಲ ಜನ ಅತ್ತರು. 14:4ರಲ್ಲಿ ಒಬ್ಬರಿಗೊಬ್ಬರು ಹೇಳ್ಕೊಂಡಿದ್ದು, ಒಬ್ಬ ನಾಯಕನನ್ನ ನೇಮಿಸ್ಕೊಂಡು ಐಗುಪ್ತಕ್ಕೆ ವಾಪಸ್ ಹೋಗೋಣ ಅಂತ. ಈ ಸಾಲು ಓದಿದಾಗ ನಾನು ನಿಲ್ಲಿಸಿ ಕೇಳಿದೆ, ಪತ್ರದ ಓದುಗರು ಏನ್ ಯೋಚಿಸ್ತಿದ್ರು ಅಂತ. ಹಿಂದಿನ ಬೆಂಚಿಂದ ಒಬ್ಬ ಹುಡುಗ "ಅದೇ" ಅಂದ. ಅಷ್ಟೇ ಬೇಕಾಗಿತ್ತು.

ಈಗ ಪತ್ರ ಏನು ಮಾಡತ್ತೆ ನೋಡಿ. ಆ ಘಟನೆಯನ್ನ ನೇರವಾಗಿ ಹೇಳಲ್ಲ, ಕೀರ್ತನೆ 95ರ ಮೂಲಕ ಹೇಳತ್ತೆ. "ಈಹೊತ್ತು ನೀವು ಆತನ ಶಬ್ದಕ್ಕೆ ಕಿವಿಗೊಟ್ಟರೆ ನಿಮ್ಮ ಹೃದಯ ಕಠಿಣ ಮಾಡ್ಕೋಬೇಡಿ." ಈ ಕೀರ್ತನೆ ಇವತ್ತಿಗೂ ಸಭಾಮಂದಿರಗಳಲ್ಲಿ ಶುಕ್ರವಾರ ಸಂಜೆ ಸಬ್ಬತ್ತನ್ನ ಬರಮಾಡ್ಕೊಳ್ಳೋವಾಗ ಹಾಡ್ತಾರೆ. ಕೀರ್ತನೆಯ ಕೊನೆಗೆ ದೇವರು "ಇವರು ನನ್ನ ವಿಶ್ರಾಂತಿಯಲ್ಲಿ ಸೇರಲ್ಲ" ಅಂತ ಆಣೆ ಇಡ್ತಾನೆ. ಇವನ ತರ್ಕ ಏನಂದ್ರೆ, ಯೆಹೋಶುವ ಆ ಜನರ ಮಕ್ಕಳನ್ನ ಕಾನಾನಿಗೆ ಕರ್ಕೊಂಡು ಹೋದ, ಸರಿ. ವಿಶ್ರಾಂತಿ ಅಂದ್ರೆ ಆ ಜಮೀನು ಅಷ್ಟೇ ಆಗಿದ್ರೆ, ಅಷ್ಟು ಕಾಲ ಆದ್ಮೇಲೆ ದಾವೀದನ ಕಾಲದಲ್ಲಿ, ಎಲ್ರೂ ಅದೇ ದೇಶದಲ್ಲಿ ಆರಾಮಾಗಿ ಕೂತಿರುವಾಗ, ಮತ್ತೆ "ಈಹೊತ್ತು" ಅಂತ ಯಾಕೆ ಹೇಳ್ತಿದ್ದ? ಅಂದ್ರೆ ವಿಶ್ರಾಂತಿ ಜಮೀನಿಗಿಂತ ದೊಡ್ಡದು. ಎಲ್ಲಿಯ ವಿಶ್ರಾಂತಿ ಅದು? ಆದಿಕಾಂಡ 2:2, ದೇವರು ಏಳನೇ ದಿನ ತನ್ನ ಕೆಲಸ ಮುಗಿಸಿ ವಿಶ್ರಮಿಸ್ಕೊಂಡ ಅಂತಿದೆಯಲ್ಲ, ಅದು. ಬಾಗಿಲು ಇನ್ನೂ ತೆರೆದಿದೆ, "ಈಹೊತ್ತು" ಅನ್ನೋದು ಇನ್ನೂ ನಡೀತಿದೆ, ಆದ್ರೆ ಅದು ಯಾವಾಗಲೂ ಇರಲ್ಲ. ಮೂರು ಪಠ್ಯ, ಮೂರು ಕಾಲ, ಒಂದೇ ಸಾಲಲ್ಲಿ ಪೋಣಿಸಿದಾನೆ. ವಕೀಲರು ಒಬ್ರು ಇದಾರೆ ನಮ್ಮ ಗುಂಪಲ್ಲಿ, ಅವರು ತಲೆದೂಗಿ ಇವನು ಕೋರ್ಟಲ್ಲಿ ಇದ್ದಿದ್ರೆ ನಮ್ಮ ಹೊಟ್ಟೆ ಮೇಲೆ ಹೊಡೀತಿದ್ದ ಅಂದ್ರು.

ಇನ್ನು ಗುಡಾರ, ಅಂದ್ರೆ ಅಡವಿಯಲ್ಲಿ ಮೋಶೆ ಮಾಡಿಸಿದ ಆರಾಧನೆಯ ಡೇರೆ. ಇದನ್ನ ಬಾಯಲ್ಲಿ ವಿವರಿಸೋಕೆ ಹೋದ್ರೆ ಜನ ಮಲಗ್ತಾರೆ, ಗ್ಯಾರಂಟಿ. ಅದಕ್ಕೆ ಸೀಮೆಸುಣ್ಣ ತಗೊಂಡು ಹಾಲ್ ನೆಲದ ಮೇಲೆ ಬರೆದೆ. ವಿಮೋಚನಕಾಂಡ 26ರ ಲೆಕ್ಕ, ಗುಡಾರ 30 ಮೊಳ ಉದ್ದ 10 ಮೊಳ ಅಗಲ, ಮೊಳಕ್ಕೆ ಒಂದೂವರೆ ಅಡಿ ಹಿಡಿದ್ರೆ 45 ಅಡಿ, 15 ಅಡಿ. ಒಳಗಿನ ಮಹಾಪವಿತ್ರಸ್ಥಾನ 10 ಮೊಳದ ಚೌಕ, ಅಂದ್ರೆ 15 ಅಡಿಗೆ 15 ಅಡಿ. ಬರೆದ ಮೇಲೆ ಎಲ್ರಿಗೂ ಆಶ್ಚರ್ಯ, ಇಷ್ಟೇನಾ ಅಂತ, ಒಂದು ಸಾಧಾರಣ ಬೆಡ್‌ರೂಮ್‌ಗಿಂತ ಸ್ವಲ್ಪ ದೊಡ್ಡದು. ಅಂಗಳ 150 ಅಡಿ ಉದ್ದ, ಅದಕ್ಕೆ ಜಾಗ ಎಲ್ಲಿ, ಆಚೆ ಗಾಡಿ ನಿಲ್ಸಿರೋ ಜಾಗನೇ ಅಂಗಳ ಅಂದ್ಕೊಳ್ಳಿ ಅಂದೆ. ಹೊರಗಡೆ ಕೋಣೆಯಲ್ಲಿ ದೀಪಸ್ತಂಭ, ರೊಟ್ಟಿ ಮೇಜು, ಧೂಪವೇದಿ, ತೆರೆ ಆಚೆ ಮಂಜೂಷ (ಒಡಂಬಡಿಕೆಯ ಪೆಟ್ಟಿಗೆ), ಎಲ್ಲಾ ಗುರುತು ಹಾಕಿದೆ. (9:4ರಲ್ಲಿ ಧೂಪದ ಸಾಮಾನನ್ನ ತೆರೆಯ ಒಳಗಡೆ ಸೇರಿಸಿದಾನೆ, ವಿಮೋಚನಕಾಂಡ 30:6ರಲ್ಲಿ ತೆರೆಯ ಮುಂದೆ ಅಂತಿದೆ, ಇದರ ಬಗ್ಗೆ ಪಂಡಿತರು ಬೇಕಾದಷ್ಟು ಬರೆದಿದಾರೆ, ನಾವು ಮುಂದೆ ಹೋದ್ವಿ.) ಆಮೇಲೆ ಎಲ್ರನ್ನೂ ಅವರವರ ಜಾಗದಲ್ಲಿ ನಿಲ್ಸಿದೆ. ಸಾಮಾನ್ಯ ಇಸ್ರಾಯೇಲ್ಯರು ಎಲ್ಲಿವರೆಗೆ ಬರ್ಬಹುದು? ಅಂಗಳ. ಯಾಜಕರು? ಹೊರಗಿನ ಕೋಣೆ, ದಿನಾ. ತೆರೆ ದಾಟೋದು? ಒಬ್ಬನೇ, ಮಹಾಯಾಜಕ, ವರ್ಷಕ್ಕೆ ಒಂದು ದಿನ, ಏಳನೇ ತಿಂಗಳ ಹತ್ತನೇ ದಿನ, ಅದೇ ದೋಷಪರಿಹಾರಕ ದಿನ.

ಅಲ್ಲಿ ನಿಂತ್ಕೊಂಡೇ ಯಾಜಕಕಾಂಡ 16 ಓದಿದ್ವಿ. ಮೊದಲನೇ ಮಹಾಯಾಜಕ ಆರೋನನ ಇಬ್ರು ಮಕ್ಕಳು ಸತ್ತ ಮೇಲೆ ಹೇಳಿದ್ದು ಅಂತ ಶುರು ಆಗತ್ತೆ, ಅಂದ್ರೆ ಈ ಜಾಗ ತಮಾಷೆ ಅಲ್ಲ. ಆ ದಿನ ಮಹಾಯಾಜಕ ಥಳಕಿನ ಬಟ್ಟೆ ಹಾಕಲ್ಲ, ಬರೀ ನಾರಿನ ಬಟ್ಟೆ. ಮೊದಲು ತನ್ನ ಪಾಪಕ್ಕೆ ಹೋರಿ. ಧೂಪದ ಹೊಗೆ ಕೃಪಾಸನವನ್ನ, ಅಂದ್ರೆ ಮಂಜೂಷದ ಮುಚ್ಚಳವನ್ನ, ಮುಚ್ಚಬೇಕು, ಇಲ್ದಿದ್ರೆ ಸಾಯ್ತಾನೆ. ರಕ್ತನ ಬೆರಳಿಂದ ಚಿಮುಕಿಸ್ಬೇಕು, ಏಳು ಸಲ. ಆಮೇಲೆ ಜನರಿಗೋಸ್ಕರ ಎರಡು ಹೋತ, ಒಂದರ ರಕ್ತ ಒಳಗೆ, ಇನ್ನೊಂದರ ತಲೆ ಮೇಲೆ ಜನರ ಪಾಪ ಎಲ್ಲಾ ಹೊರಿಸಿ ಅಡವಿಗೆ ಬಿಡೋದು. ನಮ್ಮ ಕಡೆ ಬಲಿ ಅಂದ ತಕ್ಷಣ ಮಾರಿಹಬ್ಬ, ಜಾತ್ರೆ ನೆನಪಾಗತ್ತೆ, ದೇವರಿಗೆ ಕೊಟ್ಟು ಆಮೇಲೆ ಊಟ. ಇಲ್ಲಿ ಹಾಗಿಲ್ಲ, ಈ ರಕ್ತ ಯಾರ ಹಸಿವಿಗೂ ಅಲ್ಲ, ಅದು ತೊಳೆಯೋಕೆ. ಯಾಜಕಕಾಂಡ 17:11ರ ಪ್ರಕಾರ ರಕ್ತದಲ್ಲಿರೋದು ಪ್ರಾಣ, ಜನರ ಪಾಪದಿಂದ ದೇವರು ವಾಸ ಮಾಡೋ ಜಾಗನೇ ಮೈಲಿಗೆ ಆಗಿರತ್ತೆ, ಅದನ್ನ ಪ್ರಾಣದಿಂದ ಶುದ್ಧ ಮಾಡೋದು. ಇದು ತಲೆಗೆ ಹೋದ್ರೆ 9ನೇ ಅಧ್ಯಾಯದ "ರಕ್ತಧಾರೆ ಇಲ್ದೆ ಕ್ಷಮೆ ಇಲ್ಲ" ಅನ್ನೋದು ಕ್ರೂರವಾಗಿ ಕೇಳ್ಸಲ್ಲ.

ಆಮೇಲೆ 9:6-8 ಓದಿದ್ವಿ, ಮೊದಲನೇ ಗುಡಾರ ನಿಂತಿರೋ ತನಕ ಒಳಗೆ ಹೋಗೋ ದಾರಿ ತೆರೆದಿಲ್ಲ. 10:11, ಯಾಜಕ ದಿನಾ ನಿಂತ್ಕೊಂಡು ಅದೇ ಬಲಿ ಮತ್ತೆ ಮತ್ತೆ ಕೊಡ್ತಾನೆ. ಇಲ್ಲಿ ನಾನು ಸೀಮೆಸುಣ್ಣದ ಗುರುತುಗಳನ್ನ ತೋರಿಸಿ ಏನು ಇಲ್ಲ ಹೇಳಿ ಅಂದೆ. ದೀಪ ಇದೆ, ಮೇಜು ಇದೆ. ಸ್ವಲ್ಪ ಹೊತ್ತಾದ ಮೇಲೆ ಒಬ್ಬ ಅಮ್ಮ "ಕುರ್ಚಿ ಇಲ್ಲ" ಅಂದ್ರು. ಹೌದು, ಆ ಗುಡಾರದ ಸಾಮಾನು ಪಟ್ಟಿಯಲ್ಲಿ ಕೂರೋಕೆ ಏನೂ ಇಲ್ಲ, ಯಾಕಂದ್ರೆ ಕೆಲಸ ಮುಗಿಯಲ್ಲ. ಮುಂದಿನ ವಚನ ಯೇಸು ಒಂದೇ ಬಲಿ ಕೊಟ್ಟು ದೇವರ ಬಲಗಡೆ ಕೂತ್ಕೊಂಡ ಅನ್ನತ್ತೆ. ಕೀರ್ತನೆ 110ರ ಮೊದಲನೇ ವಚನ ಅದು, ಪತ್ರದ ತುಂಬಾ 1ರಲ್ಲಿ, 8ರಲ್ಲಿ, 10ರಲ್ಲಿ, 12ರಲ್ಲಿ ಅದೇ ಕೂರೋದು ಬರ್ತಾನೇ ಇರತ್ತೆ. ಆಮೇಲೆ 10:19ರಿಂದ 22, ಧೈರ್ಯವಾಗಿ ಒಳಗೆ ಬನ್ನಿ ಅನ್ನೋದು. ಓದಿ ಎಲ್ರೂ ತೆರೆಯ ಗೆರೆ ದಾಟಿ ಅಂದೆ. ಹುಡುಗರು ಹಾರ್ಕೊಂಡು ಬಂದ್ರು. ಕುರ್ಚಿ ಇಲ್ಲ ಅಂದಿದ್ದ ಅಮ್ಮನೇ ಚಪ್ಪಲಿ ಬಿಡ್ಬೇಕಾ ಅಂತ ಕೇಳಿ ಗೆರೆ ಹತ್ರ ನಿಂತ್ಬಿಟ್ರು, ಸೀಮೆಸುಣ್ಣದ ಗೆರೆ ಅಂತ ಅವರಿಗೂ ಗೊತ್ತು. ಬಲವಂತ ಮಾಡಲಿಲ್ಲ, ಅವರೇ ಸ್ವಲ್ಪ ಹೊತ್ತಾದ ಮೇಲೆ ಬಂದ್ರು.

ಇನ್ನೊಂದು ಗಮನಿಸಿದ್ದು, ಇವನು ಹೆರೋದನ ದೇವಾಲಯದ ಬಗ್ಗೆ ಮಾತೇ ಆಡಲ್ಲ, ಮೋಶೆಯ ಗುಡಾರದ ಬಗ್ಗೆನೇ ಎಲ್ಲಾ. ದೇವಾಲಯ 70ರಲ್ಲಿ ತೀತನ ಸೈನ್ಯದ ಕೈಯಲ್ಲಿ ಹಾಳಾಯ್ತು. ಈ ಪತ್ರ ಅದಕ್ಕಿಂತ ಮುಂಚಿನದ್ದು ಅಂತ ನಾನು ನಂಬ್ತೀನಿ, 10:2ರಲ್ಲಿ ಬಲಿಗಳಿಂದ ಕೆಲಸ ಆಗಿದ್ರೆ ನಿಂತುಹೋಗ್ತಿರಲಿಲ್ವಾ ಅಂತ ಕೇಳ್ತಾನೆ, ಆಗಲೇ ನಿಂತುಹೋಗಿದ್ರೆ ಆ ಪ್ರಶ್ನೆ ಕೇಳ್ತಿರಲಿಲ್ಲ. ಎಲ್ರೂ ಒಪ್ಪಲ್ಲ ಇದನ್ನ, 80, 90ರ ದಶಕಕ್ಕೆ ಹಾಕೋರೂ ಇದಾರೆ.

ಮೆಲ್ಕಿಜೆದೇಕನ ಬಗ್ಗೆ ಸ್ವಲ್ಪ. ಆದಿಕಾಂಡ 14ರಲ್ಲಿ ಮೂರು ವಚನ, ಕೀರ್ತನೆ 110ರಲ್ಲಿ ಒಂದು, ಹಳೇ ಒಡಂಬಡಿಕೆಯಲ್ಲಿ ಇವನ ಬಗ್ಗೆ ಇರೋದು ಅಷ್ಟೇ. ಸಹೋದರನ ಮಗ ಲೋಟನನ್ನ ಬಿಡಿಸ್ಕೊಂಡು ಯುದ್ಧದಿಂದ ವಾಪಸ್ ಬರ್ತಿರೋ ಅಬ್ರಹಾಮನಿಗೆ ಸಾಲೇಮಿನ ಅರಸ ರೊಟ್ಟಿ ದ್ರಾಕ್ಷಾರಸ ತಂದು ಆಶೀರ್ವಾದ ಮಾಡ್ತಾನೆ, ಅಬ್ರಹಾಮ ಅವನಿಗೆ ದಶಮಭಾಗ ಕೊಡ್ತಾನೆ. ತಂದೆ ಯಾರು ತಾಯಿ ಯಾರು ಅಂತ ಹೇಳಲ್ಲ, ಹುಟ್ಟಿದ್ದು ಸತ್ತಿದ್ದು ಇಲ್ಲ, ವಂಶಾವಳಿ ತುಂಬಿರೋ ಪುಸ್ತಕದಲ್ಲಿ ಇದು ವಿಚಿತ್ರ. ಇದು ಪತ್ರಕ್ಕೆ ಯಾಕೆ ಬೇಕು ಅಂದ್ರೆ, ಒಬ್ಬ ಯೆಹೂದಿ ಓದುಗ ಕೇಳೋ ಮೊದಲನೇ ಪ್ರಶ್ನೆ, ಯೇಸು ಯೂದ ಕುಲದವನು, ಯಾಜಕತ್ವ ಲೇವಿ ಕುಲಕ್ಕೆ ಸೇರಿದ್ದು, ನಿಮ್ಮ ಯೇಸು ಹೇಗೆ ಮಹಾಯಾಜಕ ಆಗ್ತಾನೆ? ನ್ಯಾಯವಾದ ಪ್ರಶ್ನೆನೇ. ಅದಕ್ಕೆ ಇವನ ಉತ್ತರ, ಲೇವಿ ಹುಟ್ಟೋಕೆ ಮುಂಚೆನೇ ಇನ್ನೊಂದು ಯಾಜಕತ್ವ ಇತ್ತು, ಲೇವಿಯ ಮುತ್ತಜ್ಜನೇ ಅದಕ್ಕೆ ದಶಮಭಾಗ ಕೊಟ್ಟ, ಆಗ ಲೇವಿ ಇನ್ನೂ ಅಜ್ಜನ ಮೈಯೊಳಗೇ ಇದ್ದ, ಅಂದ್ರೆ ಲೇವಿನೂ ಕೊಟ್ಟ ಹಾಗೆ. ಮತ್ತೆ ಲೇವಿ ಯಾಜಕರು ಇದ್ದಾಗಲೇ ಕೀರ್ತನೆ 110:4 ಬೇರೆ ಯಾಜಕ ಬರ್ತಾನೆ ಅಂತ ಆಣೆ ಇಟ್ಟು ಹೇಳ್ತಲ್ಲ, ಇರೋದು ಸಾಕಾಗಿದ್ರೆ ಯಾಕೆ ಹೇಳ್ತಿತ್ತು? 4ನೇ ಅಧ್ಯಾಯದ ಅದೇ ತರ್ಕ. ಇದು ಇವನೊಬ್ಬನ ಕಲ್ಪನೆ ಅಂದ್ಕೋಬೇಡಿ, 1956ರಲ್ಲಿ ಮೃತ ಸಮುದ್ರದ ಹತ್ರ ಇರೋ ಕುಮ್ರಾನಿನ 11ನೇ ಗುಹೆಯಲ್ಲಿ ಸಿಕ್ಕ ಒಂದು ಸುರುಳಿಯಲ್ಲಿ ಮೆಲ್ಕಿಜೆದೇಕ ಪರಲೋಕದ ವ್ಯಕ್ತಿಯಾಗಿ, ಕೊನೇ ಕಾಲದ ದೋಷಪರಿಹಾರಕ ದಿನದ ಜೊತೆ ಬರ್ತಾನೆ. ಆ ಕಾಲದ ಯೆಹೂದ್ಯರಿಗೆ ಇವನು ಕುತೂಹಲದ ವಿಷಯನೇ ಆಗಿದ್ದ.

6:4-6ಕ್ಕೆ ಬರ್ತೀನಿ, ಎಲ್ರೂ ಹೆದರೋ ಜಾಗ. ಒಂದು ಸಲ ಬೆಳಕು ಹೊಂದಿ, ಪರಲೋಕದ ದಾನ ರುಚಿ ನೋಡಿ, ಪವಿತ್ರಾತ್ಮದಲ್ಲಿ ಪಾಲು ಪಡೆದು, ದೇವರ ಒಳ್ಳೇ ಮಾತು ಸವಿದು ಆಮೇಲೆ ಬಿದ್ದುಹೋದವರನ್ನ ಮತ್ತೆ ಮಾನಸಾಂತರಕ್ಕೆ ತರೋದು ಅಸಾಧ್ಯ. ಸ್ಟಡಿ ಮುಗಿದ ಮೇಲೆ ಒಬ್ಬ ಬಂದು ಅಣ್ಣ ನಾನು ಎರಡು ವರ್ಷ ಚರ್ಚ್ ಬಿಟ್ಟಿದ್ದೆ, ನನ್ನ ಕಥೆ ಏನು ಅಂತ ಕೇಳಿದ. ಇದನ್ನ ನಾನು ಅರಣ್ಯಕಾಂಡದ ಜೊತೆನೇ ಇಟ್ಟು ಓದಿದೆ. ನೆಹೆಮೀಯ 9:19-20 ತೆಗೆದು ನೋಡಿ, ಅಡವಿಯಲ್ಲಿ ದಾರಿಗೆ ಬೆಳಕು ಕೊಟ್ಟ ಅಗ್ನಿಸ್ತಂಭ, ಕಲಿಸೋಕೆ ದೇವರ ಒಳ್ಳೇ ಆತ್ಮ, ಆಕಾಶದ ಮನ್ನ, ಎಲ್ಲಾ ಒಂದೇ ಕಡೆ ಇದೆ. ಅಂದ್ರೆ ಆ ಪಟ್ಟಿ ಕಾದೇಶಿನಲ್ಲಿ ನಿಂತ ಜನರ ಚಿತ್ರನೇ. ಅಷ್ಟೆಲ್ಲ ಕಂಡು ಐಗುಪ್ತನೇ ವಾಸಿ ಅಂದವರು. ಮಾರನೇ ದಿನ ಮನಸು ಬದಲಾಯಿಸಿ ಬೆಟ್ಟ ಹತ್ತೋಕೆ ಹೋದ್ರು, ಹೊರ್ಮಾದವರೆಗೆ ಹೊಡೆಸ್ಕೊಂಡು ಬಂದ್ರು. ಇವನು ಆ ಜನರನ್ನ ತೋರಿಸಿ ಹಾಗಾಗ್ಬೇಡಿ ಅಂತಿದಾನೆ, ನೀವು ಹಾಗಾಗಿದೀರ ಅಂತ ಹೇಳ್ತಿಲ್ಲ, 6:9ರಲ್ಲಿ ಪ್ರಿಯರೇ ನಿಮ್ಮ ವಿಷಯದಲ್ಲಿ ನಮಗೆ ಒಳ್ಳೇ ಭರವಸೆ ಇದೆ ಅಂತ ತಕ್ಷಣ ಹೇಳ್ತಾನೆ. ಪತ್ರದಲ್ಲಿ ಪ್ರಿಯರೇ ಅನ್ನೋದು ಬರೋದೇ ಅಲ್ಲಿ. ಮೂರನೇ ಶತಮಾನದಲ್ಲಿ ದೆಕಿಯ ಚಕ್ರವರ್ತಿಯ ಹಿಂಸೆಗೆ ಹೆದರಿ ನಂಬಿಕೆ ಬಿಟ್ಟವರನ್ನ ಮತ್ತೆ ಸೇರಿಸ್ಕೋಬಾರ್ದು ಅಂತ ನೊವಾತಿಯನ್ ಪಂಗಡದವರು ಹಠ ಹಿಡಿದ್ರು, ಮುಂದೆ ಅವರು ಈ ವಚನನೇ ತೋರಿಸ್ತಿದ್ರು, ಆದ್ರೆ ಒಟ್ಟು ಸಭೆ ಪಶ್ಚಾತ್ತಾಪ ಪಟ್ಟು ಬಂದವರನ್ನ ಸೇರಿಸ್ಕೊಂಡೇ ಬಂತು. ಆ ಹುಡುಗನಿಗೆ ಹೇಳಿದೆ, ವಾಪಸ್ ಬರೋಕೆ ಆಗದವನು ಬಂದು ಈ ಪ್ರಶ್ನೆ ಕೇಳಲ್ಲ ಅಂತ. ಆದ್ರೆ ವಚನದ ಚೂಪನ್ನ ಮೊಂಡು ಮಾಡೋಕೆ ಹೋಗಲಿಲ್ಲ. ರಕ್ಷಣೆ ಕಳ್ಕೋಬಹುದಾ ಇಲ್ವಾ ಅನ್ನೋ ಕ್ಯಾಲ್ವಿನ್ ಕಡೆಯವರ, ಅರ್ಮಿನಿಯಸ್ ಕಡೆಯವರ ಜಗಳ ನಾವು ಎತ್ತಿಕೊಳ್ಳಲೇ ಇಲ್ಲ, ಎತ್ತಿದ್ರೆ ಪತ್ರ ಪಕ್ಕಕ್ಕೆ ಹೋಗತ್ತೆ.

ಒಂದು ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಸ್ಟ್ರಿಕ್ಟ್. 8:13ರಲ್ಲಿ ಮೊದಲನೇ ಒಡಂಬಡಿಕೆ ಹಳೇದಾಯ್ತು ಅಂತ ಬಂದಾಗ ಕೆಲವರು ಯೆಹೂದ್ಯರನ್ನ ಹೀನಾಯವಾಗಿ ಮಾತಾಡೋಕೆ ಶುರು ಮಾಡ್ತಾರೆ. ಬರೆದವನೂ ಯೆಹೂದ್ಯ, ಕೇಳೋರೂ ಯೆಹೂದ್ಯರು, ಹೊಸ ಒಡಂಬಡಿಕೆ ಅನ್ನೋ ಮಾತು ಕೂಡ ಯೆರೆಮೀಯನದ್ದು, 31:31-34, ಅದನ್ನ ಇವನು ಉದ್ದಕ್ಕೆ ಉಲ್ಲೇಖ ಮಾಡಿದಾನೆ, ಇಡೀ ಹೊಸ ಒಡಂಬಡಿಕೆಯಲ್ಲಿ ಇರೋ ಅತಿ ಉದ್ದದ ಉಲ್ಲೇಖ ಅದೇ. ಇದು ಮನೆಯೊಳಗಿನ ವಾದ. ಮನೆ ಹೊರಗಿರೋ ನಾವು ಅದನ್ನ ಎತ್ಕೊಂಡು ಅವರ ಮೇಲೆ ಬೀಸೋದು ಸರಿಯಲ್ಲ, ಹಾಗೆ ಬೀಸಿದ್ದರಿಂದ ಯೂರೋಪಿನಲ್ಲಿ ಏನೇನು ಆಯ್ತು ಅಂತ ಎಲ್ರಿಗೂ ಗೊತ್ತು.

11ನೇ ಅಧ್ಯಾಯಕ್ಕೆ ಬರೋ ಹೊತ್ತಿಗೆ ಅದು ಬೇರೆನೇ ಥರ ಕೇಳ್ಸತ್ತೆ. ಅಬ್ರಹಾಮ ಬಿಟ್ಟುಬಂದ ಊರಿಗೆ ವಾಪಸ್ ಹೋಗೋಕೆ ಅವಕಾಶ ಇತ್ತು, ಹೋಗಲಿಲ್ಲ (11:15). ಮೋಶೆ ಐಗುಪ್ತ ಬಿಟ್ಟ (11:27). ಈ ಪಟ್ಟಿಯಲ್ಲಿ ಇವರೆಲ್ಲ ಇರೋದು ವಾಪಸ್ ಹೋಗದೇ ಇದ್ದಿದ್ದಕ್ಕೆ. 11:35ರಲ್ಲಿ ಬಿಡುಗಡೆ ಬೇಡ ಅಂತ ಚಿತ್ರಹಿಂಸೆ ಅನುಭವಿಸಿದವರು ಅಂತಿದೆಯಲ್ಲ, ಅದು ಎರಡನೇ ಮಕ್ಕಬಿಯರ ಪುಸ್ತಕದ 6, 7ನೇ ಅಧ್ಯಾಯದ ಎಲೆಯಾಜರ, ಆ ತಾಯಿ, ಏಳು ಮಕ್ಕಳ ಕಥೆ. ಪ್ರಾಟೆಸ್ಟಂಟ್ ಬೈಬಲಲ್ಲಿ ಆ ಪುಸ್ತಕ ಇಲ್ಲ, ಕ್ಯಾಥೊಲಿಕ್ ಸ್ನೇಹಿತರ ಹತ್ರ ಇಸ್ಕೊಂಡು ಓದಿ, ಓದಿದ ಮೇಲೆ ಆ ಅರ್ಧ ವಚನ ದೊಡ್ಡದಾಗತ್ತೆ.

ಕೊನೇ ಅಧ್ಯಾಯದಲ್ಲಿ 13:11-13 ಬಿಡ್ಬೇಡಿ. ಯಾಜಕಕಾಂಡ 16:27ರಲ್ಲಿ ಆ ದಿನದ ಹೋರಿ ಹೋತದ ದೇಹಗಳನ್ನ ಪಾಳೆಯದ ಹೊರಗೆ ಸುಡ್ಬೇಕು ಅಂತಿದೆ, ಯೇಸುನೂ ಊರ ಬಾಗಿಲ ಹೊರಗೆ ಸತ್ತ, ನಾವೂ ಅವಮಾನ ಹೊತ್ಕೊಂಡು ಹೊರಗೆ ಹೋಗೋಣ ಅಂತಾನೆ. ಅಷ್ಟೊತ್ತು ಒಳಗೆ ಬನ್ನಿ ಒಳಗೆ ಬನ್ನಿ ಅಂದವನು ಈಗ ಹೊರಗೆ ಹೋಗೋಣ ಅಂತಿದಾನೆ ಅಂತ ವಕೀಲರು ಹಿಡಿದ್ರು. ಎರಡೂ ಒಂದೇ ಕಡೆಗೆ ಅಂತ ಅವರೇ ಆಮೇಲೆ ಹೇಳಿದ್ರು, ಯೇಸು ಇರೋ ಕಡೆ.

ಈ ಪತ್ರ ಓದಿಸ್ಕೊಂಡ ಆ ಜನ ಕೊನೆಗೆ ಏನ್ ಮಾಡಿದ್ರು, ಉಳ್ಕೊಂಡ್ರಾ ಹೋದ್ರಾ ಅಂತ ಕೇಳಿದ್ರು. ಸುಮಾರು 96ನೇ ಇಸವಿಯಲ್ಲಿ ರೋಮ್ ಸಭೆಯಿಂದ ಕೊರಿಂಥದ ಸಭೆಗೆ ಒಂದು ಪತ್ರ ಹೋಯ್ತು, ಕ್ಲೆಮೆಂಟನದ್ದು ಅಂತಾರೆ. ಅದರ 36ನೇ ಅಧ್ಯಾಯದಲ್ಲಿ ಇಬ್ರಿಯ ಒಂದನೇ ಅಧ್ಯಾಯದ ಮಾತುಗಳು ಹಾಗ್ಹಾಗೇ ಇವೆ, ಮಗ ದೇವದೂತರಿಗಿಂತ ದೊಡ್ಡವನು ಅನ್ನೋದೆಲ್ಲ, ಯೇಸುವನ್ನ ಮಹಾಯಾಜಕ ಅಂತಲೂ ಕರೆದಿದಾರೆ. ಅಂದ್ರೆ ಇಷ್ಟು ಕಾಲ ಆದ್ಮೇಲೆ ರೋಮಿನಲ್ಲಿ ಈ ಪತ್ರ ಇಟ್ಕೊಂಡು ಓದ್ತಿದ್ದ ಸಭೆ ಒಂದಿತ್ತು. ಮುಂದಿನ ವಾರದಿಂದ ಯಾಕೋಬನ ಪತ್ರಿಕೆ ತಗೊಳ್ತಿದೀವಿ, ಅದೂ ಚದರಿರೋ ಹನ್ನೆರಡು ಕುಲದವರಿಗೆ ಅಂತ ಬರೆದಿದ್ದೇ, ಅದಕ್ಕೆ ಮುಂಚೆ ಎಲ್ರೂ ಯಾಜಕಕಾಂಡ 19 ಓದ್ಕೊಂಡು ಬನ್ನಿ ಅಂತ ಹೇಳಿದೀನಿ.